ತರಿತರಿ ಚರ್ಮಕ್ಕೆ ಲೇಸರ್: ಹೋಗುವ ಮುಂಚೆ, ಹೋದ ಮೇಲೆ

ತೋಳಿನ ಹೊರಭಾಗವನ್ನು ಸವರಿದರೆ ಕೈಗೆ ತರಿತರಿ ಹತ್ತುತ್ತದೆ. ತೊಡೆಯ ಮೇಲೂ ಸಣ್ಣ ಸಣ್ಣ ಗುಳ್ಳೆ, ಮಕ್ಕಳಲ್ಲಾದರೆ ಕೆನ್ನೆಯ ಮೇಲೆ. ವೈದ್ಯರು ಇದನ್ನು ಕೆರಟೋಸಿಸ್ ಪಿಲಾರಿಸ್ ಎನ್ನುತ್ತಾರೆ. ಹದಿಹರೆಯದಲ್ಲಿ ತುಂಬಾ ಜನಕ್ಕೆ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಸರಿಯಾಗಿ ಸ್ನಾನ ಮಾಡದೆ ಬಂದದ್ದೂ ಅಲ್ಲ. ಆದರೂ ಇದರಿಂದಾಗಿ ಅರ್ಧ ತೋಳಿನ ಬಟ್ಟೆ ಹಾಕೋದನ್ನೇ ಬಿಟ್ಟವರಿದ್ದಾರೆ. 'ಇಷ್ಟಕ್ಕೆಲ್ಲಾ ಡಾಕ್ಟರಾ?' ಅಂತ ಅವರನ್ನು ಸುಮ್ಮನಾಗಿಸುವುದು ಸರಿಯಲ್ಲ. ಲೇಸರ್‌ನಿಂದ ಪ್ರಯೋಜನ ಇದೆ. ಆದರೆ ಅದು ಮೊದಲ ಹೆಜ್ಜೆ ಅಲ್ಲ.

ಮೊದಲು ಗುಳ್ಳೆ ಯಾವುದು ಅಂತ ಗೊತ್ತಾಗಲಿ

ಚರ್ಮದ ಮೇಲ್ಪದರದಲ್ಲಿ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಇರುತ್ತದೆ. ಅದು ಕೂದಲು ಹೊರಬರುವ ರಂಧ್ರದಲ್ಲಿ ಜಾಸ್ತಿ ಸೇರಿಕೊಂಡು ಬಾಯಿ ಮುಚ್ಚಿಬಿಟ್ಟರೆ ಗುಳ್ಳೆ ಏಳುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ಗುಳ್ಳೆಗಳ ಒಳಗೆ ಸುರುಳಿ ಸುತ್ತಿಕೊಂಡ ಎಳೆ ಕೂದಲು ಕಾಣುತ್ತದೆ. ಈ ಕೂದಲಿನ ವಿಷಯ ಮುಂದೆ ಬೇಕಾಗುತ್ತದೆ. ಒಣ ಚರ್ಮದವರಿಗೆ, ಎಕ್ಸಿಮಾ (ಚರ್ಮ ಒಣಗಿ ತುರಿಸುವ ಕಾಯಿಲೆ) ಇರುವವರಿಗೆ ಇದು ಹೆಚ್ಚು. ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವುದು ಸಾಮಾನ್ಯ.

ಆದರೆ ಎಲ್ಲ ತರಿಯೂ ಇದೇ ಅಲ್ಲ. ನರಹುಲಿ ಮತ್ತು ಮೊಲಸ್ಕಮ್ ವೈರಸ್‌ನಿಂದ ಬರುತ್ತವೆ, ಹರಡುತ್ತವೆ. ಮೊಣಕೈ, ಮೊಣಕಾಲಿನ ಸುತ್ತ ಒರಟಾದರೆ ಪೌಷ್ಟಿಕಾಂಶದ ಕೊರತೆಯೂ ಕಾರಣ ಇರಬಹುದು. ಅದಕ್ಕೆ ಬೇಕಾದದ್ದು ಲೇಸರ್ ಅಲ್ಲ, ಆಹಾರ ಮತ್ತು ಮಾತ್ರೆ. ಬಣ್ಣವೋ ಆಕಾರವೋ ಬದಲಾಗುತ್ತಿರುವ ಮಚ್ಚೆ, ರಕ್ತ ಬರುವ ಗಂಟು ಇದ್ದರಂತೂ ಪರೀಕ್ಷೆ ಆಗದೆ ಯಾರಿಗೂ ಲೇಸರ್ ಹಾಕಲು ಬಿಡಬೇಡಿ. ಸುಟ್ಟು ಹೋದ ಮೇಲೆ ಅದು ಕ್ಯಾನ್ಸರ್ ಆಗಿತ್ತೋ ಇಲ್ಲವೋ ನೋಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಚರ್ಮ ವೈದ್ಯರಿಗೆ ತೋರಿಸಿ.

ಎರಡು ಮೂರು ತಿಂಗಳು ಕ್ರೀಮ್

ಶೇ 10ರಿಂದ 20ರಷ್ಟು ಯೂರಿಯಾ ಇರುವ ಕ್ರೀಮ್, ಇಲ್ಲವೇ ಲ್ಯಾಕ್ಟಿಕ್ ಆ್ಯಸಿಡ್ ಅಥವಾ ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಲೋಷನ್. ಸ್ನಾನ ಆದ ತಕ್ಷಣ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗ ಹಚ್ಚಬೇಕು. ತುಂಬಾ ಜನಕ್ಕೆ ಇಷ್ಟೇ ಸಾಕಾಗುತ್ತದೆ. ಉಜ್ಜುಗಲ್ಲು ಹಿಡಿದು ತಿಕ್ಕಬೇಡಿ, ಗುಳ್ಳೆ ಚಿವುಟಬೇಡಿ. ಚಿವುಟಿದ ಜಾಗ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ.

ಯಾವ ಲೇಸರ್, ಯಾವುದಕ್ಕೆ?

ಕ್ರೀಮ್‌ನಿಂದ ಆಗಲಿಲ್ಲ ಅಂದರೆ ಲೇಸರ್ ಮಾತು. ಇಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಿ: ನನಗೆ ಕಾಡುತ್ತಿರುವುದು ಒರಟುತನವೋ, ಗುಳ್ಳೆಯ ಸುತ್ತಲ ಕೆಂಪೋ? ಎರಡಕ್ಕೂ ಬೇರೆ ಬೇರೆ ಯಂತ್ರ. ಇದನ್ನು ಹೇಳದೆ ಹೋಗಿ ದುಡ್ಡು ಸುರಿದು ಬೇಸರಪಟ್ಟುಕೊಳ್ಳುವವರೇ ಜಾಸ್ತಿ.

1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯರು ಇದರ ಹಿಂದಿನ ತತ್ವವನ್ನು ವಿವರಿಸಿದರು. ಬೆಳಕಿನ ತರಂಗಾಂತರ ಸರಿಯಾಗಿ ಆರಿಸಿ ಕ್ಷಣಮಾತ್ರ ಬಿಟ್ಟರೆ, ಆ ಬೆಳಕನ್ನು ಹೀರುವ ಭಾಗ ಮಾತ್ರ ಬಿಸಿಯಾಗುತ್ತದೆ, ಸುತ್ತಲ ಚರ್ಮ ಉಳಿದುಕೊಳ್ಳುತ್ತದೆ. 585–595 ನ್ಯಾನೋಮೀಟರ್ (ತರಂಗಾಂತರದ ಅಳತೆ) ಪಲ್ಸ್ಡ್ ಡೈ ಲೇಸರ್‌ನ ಬೆಳಕನ್ನು ರಕ್ತ ಹೀರುತ್ತದೆ, ಆದ್ದರಿಂದ ಕೆಂಪು ಇಳಿಯುತ್ತದೆ. 810 ನ್ಯಾನೋಮೀಟರ್‌ನ ಡಯೋಡ್ ಲೇಸರ್ ಕೂದಲಿನ ಕಪ್ಪನ್ನು ಹಿಡಿಯುತ್ತದೆ. ಗುಳ್ಳೆಯೊಳಗೆ ಸುರುಳಿ ಸುತ್ತಿದ ಕೂದಲು ಕಂಡಿತಲ್ಲ, ಅದೇ ಇದರ ಗುರಿ. ಕೂದಲು ತೆಗೆಯುವ ಲೇಸರ್ ಇಲ್ಲೂ ಕೆಲಸಕ್ಕೆ ಬರುವುದು ಹೀಗೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ತೋಳಿಗೆ ಮಾತ್ರ ಈ ಲೇಸರ್ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದರು. 4–5 ವಾರಕ್ಕೊಮ್ಮೆ, ಒಟ್ಟು 3 ಬಾರಿ. ಒರಟುತನ, ಗುಳ್ಳೆ ಕಡಿಮೆಯಾದವು. ಕೆಂಪು ಹಾಗೇ ಇತ್ತು. ಅದು ಸಣ್ಣ ಅಧ್ಯಯನ, ಭಾಗವಹಿಸಿದವರು ತಿಳಿ ಬಣ್ಣದ ಚರ್ಮದವರು.

ಕಂದು, ಕಪ್ಪು ಚರ್ಮದವರು ಇದನ್ನು ಗಮನಿಸಲೇಬೇಕು. ನಮ್ಮ ಮೈಬಣ್ಣ ಕೊಡುವ ಮೆಲನಿನ್ ಕೂಡ ಅದೇ ಬೆಳಕನ್ನು ಹೀರುತ್ತದೆ. ಪ್ರಮಾಣ ಜಾಸ್ತಿಯಾದರೆ ಮೇಲಿನ ಚರ್ಮವೇ ಸುಡುತ್ತದೆ, ಕಲೆ ಬೀಳುತ್ತದೆ. ಇಂಥವರಿಗೆ ಸಾಮಾನ್ಯವಾಗಿ 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. 'ನನ್ನಂಥ ಬಣ್ಣದವರಿಗೆ ಎಷ್ಟು ಸಲ ಮಾಡಿದ್ದೀರಿ?' ಅಂತ ಕೇಳಲು ಸಂಕೋಚ ಬೇಡ.

ಹೋಗುವ ಮುಂಚಿನ ವಾರಗಳು

ಸುಮಾರು ಒಂದು ತಿಂಗಳು ಬಿಸಿಲಿಗೆ ಮೈಯೊಡ್ಡಬೇಡಿ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ. ಕೂದಲನ್ನು ಗುರಿಯಾಗಿಸುವ ಲೇಸರ್ ಆದರೆ ವ್ಯಾಕ್ಸಿಂಗ್ ಮಾಡಿಸಬೇಡಿ. ಬುಡದಿಂದ ಕಿತ್ತ ಕೂದಲು ಇಲ್ಲದ ಮೇಲೆ ಬೆಳಕು ಹಿಡಿಯುವುದು ಯಾವುದನ್ನು? ಶೇವ್ ಮಾಡಬಹುದು. ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮ್, ಆ್ಯಸಿಡ್ ಕ್ರೀಮ್‌ಗಳನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ. ಗರ್ಭಿಣಿಯಾಗಿದ್ದರೆ, ಗಾಯದ ಜಾಗ ದಪ್ಪಗೆ ಉಬ್ಬುವ ಕೀಲಾಯ್ಡ್ ಸ್ವಭಾವ ಇದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ತಿನ್ನುತ್ತಿದ್ದರೆ ಮುಚ್ಚಿಡದೆ ಹೇಳಿ. ಮೊದಲು ಪುಟ್ಟ ಜಾಗದಲ್ಲಿ ಹಾಕಿ ನೋಡುವ ಟೆಸ್ಟ್ ಪ್ಯಾಚ್ ಕೇಳಿ ಮಾಡಿಸಿಕೊಳ್ಳಿ, ಕೆಲವು ವಾರ ಕಾದು ಕಲೆ ಬೀಳಲಿಲ್ಲ ಎಂದಾದರೆ ಪೂರ್ತಿ ತೋಳು.

ಆ ದಿನ

ಕಣ್ಣಿಗೆ ಆ ಲೇಸರ್‌ಗೆ ಹೊಂದುವ ಕನ್ನಡಕ ಹಾಕಿಯೇ ಶುರು ಮಾಡಬೇಕು. ಕೋಣೆಯಲ್ಲಿ ಇರುವವರೆಲ್ಲರೂ. ಚರ್ಮವನ್ನು ತಣ್ಣಗೆ ಮಾಡುತ್ತಾ ಬೆಳಕಿನ ಒಂದೊಂದೇ ಮಿಡಿತ ಬಿಡುತ್ತಾರೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಕೂದಲ ಬುಡದ ಸುತ್ತ ಕೆಂಪು ಉಬ್ಬು ಮೂಡುತ್ತದೆ. ಅದು ಸಹಜ. ತಡೆಯಲಾರದಷ್ಟು ಉರಿ ಬಂದರೆ, ಚರ್ಮ ಬಿಳಿಚಿಕೊಂಡರೆ ಅಲ್ಲೇ ನಿಲ್ಲಿಸಿ ಎನ್ನಿ. ಸಹಿಸಿಕೊಳ್ಳುವ ಅಗತ್ಯವೇ ಇಲ್ಲ.

ಮನೆಗೆ ಬಂದ ಮೇಲೆ

ಒದ್ದೆ ಬಟ್ಟೆಯಿಂದ ತಂಪು ಮಾಡಿ, ಸಾದಾ ಮಾಯಿಶ್ಚರೈಸರ್ ಹಚ್ಚಿ. ಒಂದೆರಡು ದಿನ ಬಿಸಿನೀರಿನ ಸ್ನಾನ, ಬೆವರು ಇಳಿಯುವ ವ್ಯಾಯಾಮ ಬೇಡ. ಆ್ಯಸಿಡ್ ಲೋಷನ್‌ಗೆ ಸುಮಾರು ಒಂದು ವಾರ ರಜೆ. ನೀರುಗುಳ್ಳೆ ಎದ್ದರೆ, ಕೀವು ಕಂಡರೆ ಮಾರನೆಯ ದಿನದವರೆಗೆ ಕಾಯದೆ ಫೋನ್ ಮಾಡಿ.

ಒಂದು ಸಲಕ್ಕೇ ಫಲ ಎಣಿಸಬೇಡಿ. ಶುರುವಿಗೆ ಮುಂಚೆ ಒಂದು ಫೋಟೊ, ಮೂರನೆಯ ಸಲದ ನಂತರ ಅದೇ ಬೆಳಕಿನಲ್ಲಿ ಇನ್ನೊಂದು ಫೋಟೊ ತೆಗೆದು ವೈದ್ಯರ ಜೊತೆ ಕೂತು ನೋಡಿ. ವ್ಯತ್ಯಾಸವೇ ಇಲ್ಲ ಅಂದರೆ ನಾಲ್ಕನೆಯದಕ್ಕೆ ದುಡ್ಡು ಕಟ್ಟಬೇಡಿ. ವ್ಯತ್ಯಾಸ ಇದ್ದರೂ ಕ್ರೀಮ್ ನಿಲ್ಲಿಸುವಂತಿಲ್ಲ. ಕೆರಾಟಿನ್ ಕಟ್ಟಿಕೊಳ್ಳುವ ಚರ್ಮದ ಸ್ವಭಾವವನ್ನು ಲೇಸರ್ ಬದಲಿಸುವುದಿಲ್ಲ, ಕ್ರೀಮ್ ಬಿಟ್ಟರೆ ತರಿ ಮತ್ತೆ ಏಳುತ್ತದೆ.