ಟವರ್ ಕ್ಯಾಬಿನೆಟ್ ಮಲಗಿಸಿದರೆ ಹಾರ್ಡ್ ಡಿಸ್ಕ್ ಹಾಳಾಗುತ್ತದೆಯೇ?

ಇಲ್ಲ. ಈಗಿನ ಹಾರ್ಡ್ ಡಿಸ್ಕ್ ಮಲಗಿದ್ದರೂ, ಪಕ್ಕಕ್ಕೆ ನಿಂತಿದ್ದರೂ, ತಲೆಕೆಳಗಾಗಿದ್ದರೂ ಸರಿಯಾಗಿಯೇ ಕೆಲಸ ಮಾಡುತ್ತದೆ. ತಿರುಗುವ ತಟ್ಟೆ ಎಬ್ಬಿಸುವ ಗಾಳಿಯ ಮೇಲೆ, ಮಾಹಿತಿ ಓದಿ ಬರೆಯುವ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಆ ಒತ್ತಡದ ಮುಂದೆ ಹೆಡ್‌ನ ತೂಕ ಲೆಕ್ಕಕ್ಕೇ ಇಲ್ಲ. ಟ್ರ್ಯಾಕ್‌ನ (ಮಾಹಿತಿ ಬರೆದಿರುವ ವೃತ್ತಾಕಾರದ ಸಾಲಿನ) ಗುರುತುಗಳೂ ತಟ್ಟೆಯಲ್ಲೇ ಇರುವುದರಿಂದ ಹೆಡ್ ತನ್ನ ಜಾಗವನ್ನು ಸದಾ ಸರಿಪಡಿಸಿಕೊಳ್ಳುತ್ತದೆ. ಹೆಡ್ಡನ್ನು ನಿಗದಿತ ಹೆಜ್ಜೆಗಳಲ್ಲಿ ಸರಿಸುತ್ತಿದ್ದ 1980ರ ದಶಕದ ಸ್ಟೆಪ್ಪರ್ ಮೋಟಾರ್ ಡಿಸ್ಕ್‌ಗಳಿಗೆ ಈ ಅನುಕೂಲ ಇರಲಿಲ್ಲ. ಭಂಗಿ ಬದಲಾದರೆ ಹೆಡ್ ಕೂದಲೆಳೆಯಷ್ಟು ಜರುಗಿ ಓದು ತಪ್ಪುತ್ತಿತ್ತು, ಹೊಸ ಭಂಗಿಯಲ್ಲೇ ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಆ ಕಾಲದ ಎಚ್ಚರಿಕೆ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ.

ನಿಜವಾದ ಅಪಾಯ ಓಡುತ್ತಿರುವಾಗ ಹೊರಳಿಸುವುದು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಅಕ್ಷ ವಾಲಿಸಿದರೆ ಎದುರು ಒತ್ತುತ್ತದೆ. ಭಾರ ಬೇರಿಂಗ್ ಮೇಲೆ ಬೀಳುತ್ತದೆ, ಹೆಡ್ ತಟ್ಟೆಗೆ ತಾಗಿದರೆ ಗೀರು ಬೀಳುತ್ತದೆ.

ಆದ್ದರಿಂದ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು, ತಟ್ಟೆ ಪೂರ್ತಿ ನಿಲ್ಲಲು 30 ಸೆಕೆಂಡ್ ಬಿಡಿ. ಆಮೇಲೆ ಕ್ಯಾಬಿನೆಟ್ ತೆರೆದು ಡಿಸ್ಕ್ ಅಲುಗಾಡಿಸಿ ನೋಡಿ. 3.5 ಇಂಚಿನ ಡಿಸ್ಕ್‌ಗೆ ನಾಲ್ಕು ಸ್ಕ್ರೂ ಬೇಕು, ಅದೂ 6-32 ಅಳತೆಯದು. 2.5 ಇಂಚಿನ ಡಿಸ್ಕ್‌ನ ಎಂ3 ಸ್ಕ್ರೂ ಇಲ್ಲಿ ಸಡಿಲವಾಗಿ ಕೂರುತ್ತದೆ. ಎರಡೇ ಸ್ಕ್ರೂ ಹಾಕಿ ಬಿಟ್ಟ ಡಿಸ್ಕ್ ಕಂಪಿಸುತ್ತದೆ, ಕಂಪನದಿಂದ ಹೆಡ್ ಟ್ರ್ಯಾಕ್ ತಪ್ಪಿ ಮತ್ತೆ ಮತ್ತೆ ಓದಬೇಕಾಗುತ್ತದೆ, ಕಂಪ್ಯೂಟರ್ ನಿಧಾನವಾಗುತ್ತದೆ. ಡಿಸ್ಕ್ ಮೇಲೆ ಮುಚ್ಚಬಾರದು ಎಂದು ಬರೆದಿರುವ ಸಣ್ಣ ರಂಧ್ರವಿದ್ದರೆ ಅದಕ್ಕೆ ಟೇಪ್ ಅಂಟಿಸಬೇಡಿ.

ಯಾವ ಪಕ್ಕಕ್ಕೆ ಮಲಗಿಸಬೇಕು? ಸಾಮಾನ್ಯ ಟವರ್‌ನಲ್ಲಿ ಮದರ್‌ಬೋರ್ಡ್ ಇರುವ ಪಕ್ಕ ಕೆಳಗಿರಲಿ, ಅಂದರೆ ಮುಂದಿನಿಂದ ನೋಡಿದಾಗ ಬಲಗಡೆಯದು. ಗ್ರಾಫಿಕ್ಸ್ ಕಾರ್ಡ್ ಆಗ ನೆಟ್ಟಗೆ ನಿಲ್ಲುತ್ತದೆ, ಜೋತುಬೀಳುವುದಿಲ್ಲ. ಕೆಳಗೆ ರಬ್ಬರ್ ಪಾದ ಇಡಿ. ಫ್ಯಾನ್ ಅಥವಾ ಗಾಳಿಕಿಂಡಿ ಗೋಡೆಗೆ ಒತ್ತಿಕೊಂಡಿರಬಾರದು. ಭಂಗಿಗಿಂತ ಬಿಸಿಯೇ ಡಿಸ್ಕ್‌ಗೆ ದೊಡ್ಡ ಶತ್ರು.

ಮಲಗಿಸುವ ಮುಂಚೆ ಮತ್ತು ಒಂದೆರಡು ದಿನದ ಬಳಿಕ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಅಂಕಿಗಳನ್ನು ಹೋಲಿಸಿ. ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಗಾಳಿಯ ದಾರಿ ಸರಿಪಡಿಸಿ. 05 (ಕೆಟ್ಟದ್ದರಿಂದ ಬದಲಿಸಿದ ಜಾಗಗಳು) ಅಥವಾ ಸಿ5 (ಓದಲಾಗದೆ ಬಾಕಿ ಉಳಿದ ಜಾಗಗಳು) ಸಾಲಿನ ಕಚ್ಚಾ ಸಂಖ್ಯೆ ಏರುತ್ತಿದ್ದರೆ ತಟ್ಟೆಯಲ್ಲೇ ತೊಂದರೆಯಿದೆ, ಡಿಸ್ಕ್ ಬದಲಿಸಿ. ಸಿ7 (ಮಾಹಿತಿ ಸಾಗಣೆಯ ತಪ್ಪುಗಳು) ಮಾತ್ರ ಏರುತ್ತಿದ್ದರೆ ಗಾಬರಿ ಬೇಡ: ಹೊರಳಿಸುವಾಗ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಸಡಿಲಗೊಂಡಿರಬಹುದು. ಎರಡೂ ತುದಿ ಒತ್ತಿ ಕೂರಿಸಿ. ಆಮೇಲೂ ಏರಿದರೆ ಕೇಬಲ್ಲನ್ನೇ ಬದಲಿಸಿ.