‘ಸಿಲಬಸ್’ನ ಜಾತಕ ಕೆದಕಿದಾಗ

ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತಾರೆ. ಆ ಸಾಲಿನಲ್ಲಿ ಪದಮೂಲ ಸೇರದಿರುವುದು ನನ್ನ ಅದೃಷ್ಟ. ಇಂಗ್ಲಿಷ್ ಪಾಠ ಹೇಳುವ ನಾನು ಬಿಡುವಿದ್ದಾಗಲೆಲ್ಲ ಯಾವುದಾದರೊಂದು ಪದದ ಬೆನ್ನು ಹತ್ತುತ್ತೇನೆ. ಹೀಗೆ ಹತ್ತಿದವುಗಳಲ್ಲಿ ‘ಸಿಲಬಸ್’ ಕೊಟ್ಟಷ್ಟು ಮಜಾ ಬೇರಾವುದೂ ಕೊಟ್ಟಿಲ್ಲ.

ಅದಕ್ಕೆ ‘ಒಟ್ಟುಗೂಡಿಸು’ ಎಂಬರ್ಥದ ಗ್ರೀಕ್ ಧಾತುವನ್ನು ಮೂಲವೆಂದು ಹೇಳುವುದು ವಾಡಿಕೆ. ಅರ್ಥ ಇಷ್ಟು ಸಲೀಸಾಗಿ ಕೂತುಬಿಟ್ಟರೆ ನನಗೆ ಅನುಮಾನ. ಆಕ್ಸ್‌ಫರ್ಡಿನ ದೊಡ್ಡ ನಿಘಂಟನ್ನು ತೆರೆದರೆ ಅದು ಬೆರಳು ತೋರಿಸಿದ್ದು ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ ತನ್ನ ಗೆಳೆಯ ಅಟಿಕಸ್‌ಗೆ ಬರೆದ ಪತ್ರಗಳತ್ತ. ಲ್ಯಾಟಿನ್ನಿನ ಎದುರಿಗೇ ಇಂಗ್ಲಿಷ್ ಅನುವಾದ ಇರುವ ಆವೃತ್ತಿಯೊಂದನ್ನು ಹಿಡಿದು ಕುಳಿತೆ.

ಕ್ರಿ.ಪೂ. 56. ರೋಮಿಗೆ ದಕ್ಷಿಣದ ಕಡಲತೀರದ ಊರಾದ ಆಂಟಿಯಂನ ಮನೆಯಲ್ಲಿ ಸಿಸೆರೊನ ಪುಸ್ತಕಗಳನ್ನು ಟಿರಾನಿಯೊ ಎಂಬ ವಿದ್ವಾಂಸ ಜೋಡಿಸುತ್ತಿದ್ದಾನೆ. ಸುರುಳಿಗಳನ್ನು ಅಂಟಿಸಲು ನಿನ್ನ ಇಬ್ಬರು ಆಳುಗಳನ್ನು ಕಳಿಸು, ಚೀಟಿ ಮಾಡಲು ಒಂದಿಷ್ಟು ಚರ್ಮದ ಹಾಳೆಯನ್ನೂ ತರಲಿ ಎಂದು ಸಿಸೆರೊ ಬರೆಯುತ್ತಾನೆ. ಆ ಚೀಟಿಗೆ ನೀವು ಗ್ರೀಕರು ‘ಸಿಟ್ಟಿಬಾ’ ಎನ್ನುತ್ತೀರಲ್ಲವೇ ಎಂದು ಕೆಣಕುತ್ತಾನೆ ಕೂಡ. ಅಟಿಕಸ್ ಗ್ರೀಕನೇನಲ್ಲ, ಅಥೆನ್ಸಿನಲ್ಲಿ ಬಹುಕಾಲ ಇದ್ದ ರೋಮನ್. ಸುರುಳಿಯಲ್ಲಿ ಏನಿದೆಯೆಂದು ಬಿಚ್ಚದೆಯೇ ತಿಳಿಯಲು ಹೆಸರು ಬರೆದು ತುದಿಗೆ ಇಳಿಬಿಡುತ್ತಿದ್ದ ಚೀಟಿ ಅದು. ಆಮೇಲಿನ ಇನ್ನೆರಡು ಪತ್ರಗಳಲ್ಲೂ ಚೀಟಿಗಳ ಸುದ್ದಿಯಿದೆ. ಪುಸ್ತಕ ಜೋಡಿಸಿದ ಮೇಲೆ ಮನೆಗೆ ಜೀವ ಬಂದಂತಾಯಿತು ಎಂದು ಹಿಗ್ಗುತ್ತಾನೆ.

ಮೊದಲ ಪತ್ರದ ಹಸ್ತಪ್ರತಿಯಲ್ಲಿ ಮಾತ್ರ ‘ಸಿಟ್ಟಿಬಾಸ್’ ಎಂದು ದ್ವಿತೀಯಾ ಬಹುವಚನ ಇರಬೇಕಾದ ಕಡೆ ‘ಸಿಲ್ಲಬೋಸ್’ ಎಂದಿದೆ. ರೋಮನ್ ಲಿಪಿಯ ಎರಡು ‘ಟಿ’ಗಳ ಅಡ್ಡಗೆರೆ ಮಾಸಿದರೆ ಕಣ್ಣಿಗೆ ಬೀಳುವುದು ಎರಡು ‘ಎಲ್’. ಉಳಿದೆರಡು ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ತಪ್ಪು ಬಯಲಾಗುತ್ತದೆ. ನಮ್ಮ ಓಲೆಗರಿಗಳ ಸಂಪಾದಕರು ಪಾಠಾಂತರ ನಿರ್ಣಯಿಸುವುದೂ ಹೀಗೆಯೇ. ಆದರೆ 15ನೇ ಶತಮಾನದ ಮುದ್ರಕರು ತಪ್ಪನ್ನೇ ಅಚ್ಚಿಗಿಳಿಸಿದರು. ಅದರಿಂದ ‘ಸಿಲಬಸ್’ ಎಂಬ ಏಕವಚನ ಹುಟ್ಟಿತು, ಅದಕ್ಕೊಂದು ಗ್ರೀಕ್ ಧಾತುವನ್ನೂ ಗಂಟುಹಾಕಿದ್ದಾಯಿತು. ಆ ಧಾತುವಿನ ನಿಜವಾದ ಸಂತಾನ ‘ಸಿಲಬಲ್’, ಅಂದರೆ ಉಚ್ಚಾರಾಂಶ. ಸಿಲಬಸ್ ಆ ಮನೆತನಕ್ಕೆ ನಡುವೆ ನುಸುಳಿಕೊಂಡದ್ದು. 17ನೇ ಶತಮಾನದ ನಡುಭಾಗದಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ವಿಷಯಸೂಚಿ, ಪಠ್ಯಕ್ರಮವೆಂಬುದು ಆಮೇಲಿನದು.

ರೋಮನ್ನರು ಎಂದೂ ಆಡದ ಈ ಪದಕ್ಕೆ ‘ಸಿಲಬೈ’ ಎಂಬ ಲ್ಯಾಟಿನ್ ಬಹುವಚನವೇ ಬೇಕೆಂದು ಹಠ ಹಿಡಿಯುವವರು ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ಇದ್ದಾರೆ. ‘ಸಿಲಬಸಸ್’ ಎಂದು ಬರೆದ ಉತ್ತರಪತ್ರಿಕೆಯಲ್ಲಿ ನಾನಂತೂ ಅಂಕ ಕಳೆಯುವುದಿಲ್ಲ.