ಭಟ್ಟಿ ಲಾಭದಲ್ಲಿದೆ, ಗಲ್ಲಾ ಯಾಕೆ ಖಾಲಿ?

'ಮಾಲೆಲ್ಲಾ ಹೋಗಿದೆ, ಕೈಯಲ್ಲಿ ಮಾತ್ರ ದುಡ್ಡಿಲ್ಲ.' ದಾವಣಗೆರೆಯಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವ ನನಗೆ ಇದು ತಿಂಗಳ ಕೊನೆಗೆ ತಪ್ಪದೆ ಕೇಳಿಸುವ ಮಾತು. ಒಂದು ಮಂಡಕ್ಕಿ ಭಟ್ಟಿಯನ್ನೇ ಇಟ್ಟುಕೊಂಡು ಇದನ್ನು ಬಿಡಿಸೋಣ. ಬೆಣ್ಣೆ ದೋಸೆ ಹೋಟೆಲ್ ಆದರೂ ದಾರಿ ಇದೇ.

ಮೊದಲು ಮನೆಯನ್ನೂ ಭಟ್ಟಿಯನ್ನೂ ಬೇರೆ ಮಾಡಿ. ಬ್ಯಾಂಕ್ ಖಾತೆ ಎರಡಿರಲಿ. ಮಗಳ ಫೀಸಿಗೆ ಗಲ್ಲಾದಿಂದ ದುಡ್ಡು ತೆಗೆದರೆ ಅದು ಭಟ್ಟಿಯ ಖರ್ಚಲ್ಲ, ಮಾಲೀಕರು ತೆಗೆದದ್ದು. ಹಾಗೆಯೇ ಬರೆಯಿರಿ. ಮನೆಗೆ ಒಯ್ದ ಒಂದು ಚೀಲ ಮಂಡಕ್ಕಿಗೂ ಇದೇ ನಿಯಮ.

ಆಮೇಲೆ ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ. ಅವತ್ತಿನದು ಅವತ್ತೇ ರಾತ್ರಿ. ಉದ್ರಿ ಕೊಟ್ಟರೆ ಹೆಸರು, ತಾರೀಖು ಎರಡೂ ಬೇಕು. 'ನೆನಪಿರುತ್ತೆ ಬಿಡ್ರೀ' ಅಂದವರ ಬಾಕಿ ಹುಡುಕಿಕೊಡುವುದರಲ್ಲೇ ನನ್ನ ಅರ್ಧ ಆಯಸ್ಸು ಹೋಗಿದೆ.

ಈಗ ತಿಂಗಳ ಲಾಭ. ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಮಾರಿದ್ದು 3,00,000 ರೂಪಾಯಿ. ಭತ್ತ ತಂದದ್ದು 2,00,000ಕ್ಕೆ, ಆದರೆ 30,000ದ್ದು ಇನ್ನೂ ಗೋದಾಮಿನಲ್ಲಿದೆ. ಹಾಗಾಗಿ ಈ ತಿಂಗಳ ಭತ್ತದ ಖರ್ಚು 1,70,000 ಮಾತ್ರ. ಉರುವಲು 25,000, ಕೂಲಿ 45,000, ಕರೆಂಟು-ಸಾಗಣೆ 15,000, ಸಾಲದ ಬಡ್ಡಿ 6,000. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಸವಕಳಿ. 2,40,000 ಕೊಟ್ಟು ತಂದ ಮಷಿನ್ ಹತ್ತು ವರ್ಷ ಬಾಳಿದರೆ ತಿಂಗಳಿಗೆ 2,000 ಸವೆಯುತ್ತದೆ. ಎಲ್ಲಾ ಕಳೆದರೆ ಲಾಭ 37,000. ಪರವಾಗಿಲ್ಲ, ಅಲ್ವಾ? ಆದರೆ ಇದರಲ್ಲಿ ನಿಮ್ಮ ದುಡಿಮೆಯ ಕೂಲಿ ಸೇರಿಲ್ಲ. ಅದೇ ಕೆಲಸಕ್ಕೆ ಬೇರೆಯವರಿಗೆ 20,000 ಕೊಡಬೇಕಿತ್ತು ಅನ್ನಿ, ಆಗ ಭಟ್ಟಿ ನಿಜಕ್ಕೂ ಗಳಿಸಿದ್ದು 17,000.

ಪಕ್ಕದ ಹಾಳೆಯಲ್ಲಿ ಬರೀ ನಗದು ಬರೆಯಿರಿ. ಮಾರಿದ್ದರಲ್ಲಿ 90,000 ಉದ್ರಿ, ಕೈಗೆ ಬಂದದ್ದು 2,10,000. ಹೋದದ್ದು? ಭತ್ತಕ್ಕೆ ಪೂರ್ತಿ 2,00,000, ಉಳಿದ ಖರ್ಚು ಸೇರಿ 2,91,000. ಅಂದರೆ 81,000 ಕಡಿಮೆ ಬಿತ್ತು! ಲಾಭದ ತಿಂಗಳಲ್ಲೇ ಮನೆಯವರ ಒಡವೆ ಬ್ಯಾಂಕಿಗೆ ಹೋಗುವುದು ಹೀಗೆ. ದುಡ್ಡು ಕಳೆದಿಲ್ಲ. 90,000 ಗಿರಾಕಿಗಳ ಹತ್ತಿರ, 30,000 ಗೋದಾಮಿನಲ್ಲಿ ಕೂತಿದೆ. ಸವಕಳಿ ಲೆಕ್ಕದಲ್ಲಿ ಕಳೆದರೂ ಕೈಯಿಂದ ಹೋಗುವ ದುಡ್ಡಲ್ಲ, 37,000 ಲಾಭಕ್ಕೆ ಆ 2,000 ಕೂಡಿಸಿ, ಕೂತಿರುವ 1,20,000 ಕಳೆದರೆ ಅದೇ 81,000 ಕಡಿಮೆ; ಎರಡು ಹಾಳೆಗಳೂ ತಾಳೆಯಾಗುತ್ತವೆ.

ಹಾಗಾಗಿ ಮೊದಲು ಉದ್ರಿ ಹಿಡಿಯಿರಿ. ಬಾಕಿಯನ್ನು ಹದಿನೈದು ದಿನದ್ದು, ತಿಂಗಳದ್ದು, ಅದಕ್ಕೂ ಹಳೇದು ಅಂತ ವಿಂಗಡಿಸಿ. ಸಣ್ಣ ಉದ್ದಿಮೆಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ) ನಿಮ್ಮ ಕಡೆಗಿದೆ: ಕರಾರು ಇದ್ದರೂ ಖರೀದಿದಾರರು 45 ದಿನದೊಳಗೆ ಕೊಡಬೇಕು, ಕರಾರೇ ಇಲ್ಲದಿದ್ದರೆ 15 ದಿನದೊಳಗೆ. ಮಿರ್ಚಿ ಗಾಡಿಯವರ ಮೇಲೆ ಇದನ್ನು ಪ್ರಯೋಗಿಸಬೇಡಿ, ದೊಡ್ಡ ಖರೀದಿದಾರರಿಗೆ ನೆನಪಿಸಿ.

ವರ್ಷದ ಕೊನೆಗೆ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್. ಒಂದು ಕಡೆ ಇರುವುದು, ಇನ್ನೊಂದು ಕಡೆ ಕೊಡಬೇಕಾದದ್ದು ಮತ್ತು ನಿಮ್ಮ ಬಂಡವಾಳ. ಎರಡೂ ಸಮ ಬರಬೇಕು, ಬರದಿದ್ದರೆ ಎಲ್ಲೋ ಬರೆಯುವುದು ಬಿಟ್ಟಿದ್ದೀರಿ, ಇಲ್ಲವೇ ತಪ್ಪಾಗಿ ಬರೆದಿದ್ದೀರಿ.

ಹಳೇ ಟೈರ್ ಸುಟ್ಟರೆ ಉರುವಲು ಅಗ್ಗ ಅಂತ ಯಾರಾದರೂ ಹೇಳಬಹುದು. ಕೀರ್ದಿಯಲ್ಲಿ ಖರ್ಚು ಇಳಿದಂತೆ ಕಾಣುತ್ತದೆ. ಇಳಿದಿಲ್ಲ, ಹೊಗೆಯಾಗಿ ಓಣಿಯವರ ಎದೆಗೆ ಬರೆದಿದ್ದೀರಿ. ಎರಡನೇ ಕೀರ್ದಿಯ ಕಥೆಯೂ ಇಷ್ಟೇ. ತೆರಿಗೆಗೆಂದು ವ್ಯಾಪಾರ ಅರ್ಧ ತೋರಿಸಿದವರೊಬ್ಬರು ಸಾಲಕ್ಕೆ ಬ್ಯಾಂಕಿಗೆ ಹೋದರು. ಮ್ಯಾನೇಜರ್ ಕೇಳಿದ್ದು ರಿಟರ್ನ್. 'ಸಾರ್, ಅದು ಸುಮ್ನೆ ತೋರಿಸಿದ್ದು, ನಿಜದ ಬುಕ್ ಮನೇಲಿದೆ' ಅಂದರು. ಸಾಲ ಸಿಕ್ಕಿದ್ದು ತೋರಿಸಿದ ಅರ್ಧಕ್ಕೆ.